ಅಪಾಯವನ್ನು ಓದುವ ವಿದ್ಯೆ

ಸುಗ್ಗಿಯ ಕೆಲಸಗಳು ಮುಗಿದ ಮೇಲೆ ನಾನು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರಕ್ಕೆ ಹೋಗಿ, ನಮ್ಮ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದೆನು. ಒಂದಿಷ್ಟು ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಎರಡು ಹಸು, ಒಂದು ರೇಷ್ಮೆ ಹುಳುವಿನ ಮನೆ. ಅವರ ಸಂಸಾರವು ಇಷ್ಟರ ಮೇಲೆ ನಿಂತಿರುವುದು. ಆ ಮನೆಯಲ್ಲಿ ಆಗ ನಡೆಯುತ್ತಿದ್ದ ವಾದವೊಂದನ್ನು ವಾಚಕರ ಮುಂದಿಡುವುದಕ್ಕಾಗಿ ಈ ತಿಂಗಳ ಪುಟವನ್ನು ಮೀಸಲಿಟ್ಟಿದ್ದೇನೆ. ವಯಸ್ಸಿಗೆ ಬಂದ ಮಕ್ಕಳಿರುವ ಅನೇಕ ಗೃಹಸ್ಥರ ಮನೆಗಳಲ್ಲಿ ಇಂಥ ವಾದವು ಇಂದಲ್ಲ ನಾಳೆ ಹುಟ್ಟತಕ್ಕದ್ದೇ.

ಅಕ್ಕನ ಮಗನು ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಶಾಸ್ತ್ರದ ಡಿಪ್ಲೊಮಾ ಮುಗಿಸಿ, ಬಿಡದಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿ ಐದು ವರ್ಷ ದುಡಿದಿದ್ದಾನೆ. ಈಗ ಒಂದು ವರ್ಷದ ಸಂಬಳವನ್ನು ಬಿಟ್ಟು, ಚೆನ್ನೈಗೆ ಹೋಗಿ, ಕೈಗಾರಿಕಾ ಸುರಕ್ಷತೆಯ ಉನ್ನತ ಡಿಪ್ಲೊಮಾ ಎಂಬ ಪರೀಕ್ಷೆಗೆ ಓದುವೆನೆಂದು ಹಟ ಹಿಡಿದಿರುವನು. ನಮ್ಮ ಭಾವನವರಿಗೆ ಇದು ಸ್ವಲ್ಪವೂ ಸೇರದು. “ಟೋಪಿ ಹಾಕಿಕೊಳ್ಳಿ, ಟೋಪಿ ಹಾಕಿಕೊಳ್ಳಿ ಎಂದು ಕೂಲಿಯವರ ಹಿಂದೆ ಕೂಗಿಕೊಂಡು ತಿರುಗುವ ಕೆಲಸಕ್ಕೆ ಒಂದು ವರ್ಷದ ಓದು ಬೇಕೇ? ಕಡೆಗೆ ಇವನು ಟೋಪಿ ಹಾಕುವುದು ನನಗೇ” ಎಂದು ಅವರು ನನ್ನೊಡನೆ ದೂರಿಕೊಂಡರು.

ಅಕ್ಕನ ಬಲಗೈಯಲ್ಲಿ ಎರಡು ಬೆರಳುಗಳಿಲ್ಲವೆಂಬುದನ್ನು ನಾನು ಇಲ್ಲಿಯೇ ಹೇಳಬೇಕು. ಆರು ವರ್ಷಗಳ ಹಿಂದೆ, ಮುಸ್ಸಂಜೆಯಲ್ಲಿ, ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟನ್ನು ಕೊಡುತ್ತಿದ್ದಾಗ ಕೈ ಒಳಕ್ಕೆ ಹೋಯಿತು. “ಹಣೆಯಲ್ಲಿ ಬರೆದಿತ್ತು” ಎಂದು ಅಕ್ಕ ಹೇಳುವಳು. “ಅವಳ ಗಮನ ಒಲೆಯ ಮೇಲಿಟ್ಟು ಬಂದ ಹಾಲಿನ ಕಡೆಗಿತ್ತು” ಎಂದು ಭಾವನವರು ಹೇಳುವರು. ಈ ಎರಡು ಉತ್ತರಗಳಲ್ಲಿ ಒಂದನ್ನು ಹೇಳಿ ಮುಗಿಸುವುದೇ ನಮ್ಮೆಲ್ಲರ ಪದ್ಧತಿ. ಒಂದೋ ವಿಧಿಯ ತಪ್ಪು, ಇಲ್ಲವೇ ನೊಂದವರದೇ ತಪ್ಪು.

ಹುಡುಗನು ಮೂರನೆಯ ಉತ್ತರವೊಂದನ್ನು ಹೇಳಿದನು. “ಮಾವ, ಮೇವನ್ನು ನೂಕುವ ಆ ತಗಡಿನ ದೋಣಿಯನ್ನು ನೋಡಿ. ಅಮ್ಮನ ಮೊಳಕೈಯಿಂದ ಬೆರಳಿನ ತುದಿಯವರೆಗೆ ಎಷ್ಟು ಉದ್ದವೋ ಅಷ್ಟೂ ಇಲ್ಲ. ಕೈ ಕತ್ತಿಗೆ ಎಟಕುವಂತೆ ಇಟ್ಟು, ಎಟಕಿಸಬೇಡ ಎಂದು ಹೇಳಿದರೆ ಏನು ಬಂತು? ಸ್ವಿಚ್ಚು ಇರುವುದು ಕೊಟ್ಟಿಗೆಯ ಆಚೆಯ ಗೋಡೆಯ ಮೇಲೆ. ದೀಪವಿರುವುದು ಬೆನ್ನ ಹಿಂದೆ. ಹಾಲು ಉಕ್ಕದಿದ್ದರೂ ಎಂದೋ ಒಂದು ದಿನ ಯಾರದೋ ಕೈ ಹೋಗುತ್ತಿತ್ತು” ಎಂದನು. ಈ ವಿದ್ಯೆಯ ಒಳತಿರುಳು ಈ ಮಾತಿನಲ್ಲಿದೆಯೆಂದು ನನಗೆ ತೋರಿತು. ಅಪಘಾತವು ನಡೆದ ಗಳಿಗೆಯನ್ನು ಬಿಟ್ಟು, ಅದು ಎಷ್ಟು ದಿನಗಳಿಂದ ಅಲ್ಲಿ ಕಾದು ಕುಳಿತಿತ್ತು ಎಂಬುದನ್ನು ಓದುವುದನ್ನು ಇವರು ಕಲಿಯುತ್ತಾರೆ.

ಇವರ ಪಾಠದಲ್ಲಿ ಒಂದು ಕ್ರಮವಿರುವುದು. ಅಪಾಯದ ವಸ್ತುವನ್ನೇ ತೆಗೆದುಹಾಕಲು ಸಾಧ್ಯವೇ ಎಂಬುದನ್ನು ಮೊದಲು ಕೇಳತಕ್ಕದ್ದು. ಆಗದಿದ್ದರೆ ಅದಕ್ಕಿಂತ ಸೌಮ್ಯವಾದುದನ್ನು ತರತಕ್ಕದ್ದು. ಅದೂ ಆಗದಿದ್ದರೆ ಯಂತ್ರಕ್ಕೆ ಮರೆ ಕಟ್ಟತಕ್ಕದ್ದು. ಅನಂತರ ಕೆಲಸದ ರೀತಿಯನ್ನು ತಿದ್ದತಕ್ಕದ್ದು. ಭಾವನವರು ಹಾಸ್ಯಮಾಡಿದ ಟೋಪಿಯೂ ಕೈಚೀಲವೂ ಎಲ್ಲಕ್ಕೂ ಕೊನೆಯಲ್ಲಿ ಬರುವಂಥವು. ರಾಮನಗರದ ರೇಷ್ಮೆಯ ನೂಲು ತೆಗೆಯುವವರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಹಳೆಯ ಚರಕದಲ್ಲಿ ಗೂಡುಗಳನ್ನು ಬೇಯಿಸುವುದೂ ನೂಲನ್ನು ತೆಗೆಯುವುದೂ ಒಂದೇ ಕುದಿನೀರಿನ ಬಾಣಲೆಯಲ್ಲಿ. ನೂಲು ತೆಗೆಯುವವರ ಬೆರಳುಗಳು ದಿನವೆಲ್ಲ ಅದರಲ್ಲಿಯೇ ಅದ್ದಿರುವುವು. ಕೈಚೀಲ ತೊಡಿಸೋಣವೆಂದರೆ ಕೂದಲಿಗಿಂತ ಸಣ್ಣದಾದ ಎಳೆಯು ಕೈಗೆ ಹತ್ತುವುದಿಲ್ಲ. ಬೇಯಿಸುವ ಪಾತ್ರೆಯನ್ನೇ ಬೇರೆಮಾಡಿ, ನೂಲು ತೆಗೆಯುವ ತೊಟ್ಟಿಯಲ್ಲಿ ಕಡಿಮೆ ಬಿಸಿಯ ನೀರನ್ನು ಇಡುವ ಯಂತ್ರಗಳು ಬಂದಮೇಲೆ ಆ ಬೆರಳುಗಳಿಗೆ ಉಸಿರಾಡಲು ಬಿಡುವು ದೊರೆಯಿತು. ಉಪದೇಶದಿಂದ ಆಗದ ಕೆಲಸವನ್ನು ಒಂದು ಬೇರೆ ಪಾತ್ರೆಯು ಮಾಡಿತು.

ಈ ಶಾಸ್ತ್ರವು ಇಂದು ನಿನ್ನೆಯದಲ್ಲ. ಇಟಲಿಯ ವೈದ್ಯನಾದ ರಾಮಾಜಿನಿಯು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಬರೆದು, ರೋಗಿಯನ್ನು ಕಂಡಾಗ “ನಿನ್ನ ಉದ್ಯೋಗವೇನು?” ಎಂದು ಕೇಳುವುದನ್ನು ಮರೆಯಬಾರದೆಂದು ವೈದ್ಯರಿಗೆ ತಿಳಿಸಿದನು. ನಮ್ಮಲ್ಲಿ 1948ರ ಕಾರ್ಖಾನೆಗಳ ಕಾಯಿದೆಯು 1949ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸಾವಿರ ಮಂದಿ ಕೆಲಸಗಾರರಿರುವ ಕಾರ್ಖಾನೆಯಲ್ಲಿ ಸುರಕ್ಷತಾಧಿಕಾರಿಯನ್ನು ನೇಮಿಸಬೇಕೆಂಬ ವಿಧಿಯು 1976ರಲ್ಲಿ ಅದಕ್ಕೆ ಸೇರಿತು. ಎಂಟು ವರ್ಷಗಳ ತರುವಾಯ ಭೋಪಾಲದ ದುರಂತವು ನಡೆಯಿತು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಯ ಕೀಟನಾಶಕದ ಕಾರ್ಖಾನೆಯಲ್ಲಿ ಮೀಥೈಲ್ ಐಸೋಸಯನೇಟಿನ ತೊಟ್ಟಿಗೆ ನೀರು ಹೊಕ್ಕು, ವಿಷಾನಿಲವು ನಿದ್ರೆಯಲ್ಲಿದ್ದ ಊರಿನ ಮೇಲೆ ಹರಡಿತು. ತೊಟ್ಟಿಯನ್ನು ತಣ್ಣಗಿಡುವ ಯಂತ್ರವನ್ನು ಅದಕ್ಕೆ ಮೊದಲೇ ನಿಲ್ಲಿಸಿದ್ದರು. ಅನಿಲವನ್ನು ಸುಟ್ಟುಹಾಕುವ ಚಿಮಣಿಯ ಕೊಳವೆಯನ್ನು ಕಳಚಿಟ್ಟಿದ್ದರು. ಕಾವಲುಗಳಿದ್ದವು, ಆದರೆ ಎಲ್ಲವೂ ನಿದ್ರಿಸುತ್ತಿದ್ದವು. ಅಪಾಯಕರ ಕೈಗಾರಿಕೆಗಳನ್ನು ಕುರಿತ ಹೊಸ ಅಧ್ಯಾಯವು ಕಾಯಿದೆಗೆ ಸೇರಿದ್ದು 1987ರಲ್ಲಿ, ಸಾವಿರಾರು ಜನರು ಮಡಿದ ಮೇಲೆ.

ಇನ್ನು ಗೃಹಸ್ಥರ ಪ್ರಶ್ನೆಗೆ ಬರೋಣ. ಓದಿದರೆ ಉದ್ಯೋಗವು ದೊರೆಯುವುದೇ? 2020ರ ಹೊಸ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ 500 ಮಂದಿ ಕೆಲಸಗಾರರಿರುವ ಕಾರ್ಖಾನೆಗೂ, ಕೆಲಸವು ಅಪಾಯಕರವಾಗಿದ್ದಲ್ಲಿ 250 ಮಂದಿಯಿರುವ ಕಾರ್ಖಾನೆಗೂ ಸುರಕ್ಷತಾಧಿಕಾರಿಯು ಬೇಕು; ಕಟ್ಟಡದ ಕೆಲಸದಲ್ಲಿ 250, ಗಣಿಯಲ್ಲಿ 100 ಮಂದಿಯಿದ್ದರೂ ಬೇಕು. ಸಾವಿರವೆಂಬ ಹಳೆಯ ಮಿತಿಗೆ ಹೋಲಿಸಿದರೆ ಸ್ಥಾನಗಳು ಹೆಚ್ಚುವುವೆಂಬುದು ಸ್ಪಷ್ಟ. ಬಿಡದಿ, ಹಾರೋಹಳ್ಳಿ, ದಾಬಸ್‌ಪೇಟೆ, ಪೀಣ್ಯಗಳು ನಮ್ಮ ಈ ಸೀಮೆಯ ಮಕ್ಕಳಿಗೆ ದೂರವೇನಲ್ಲ.

ಓದುವ ಸ್ಥಳವನ್ನು ಮಾತ್ರ ವಿಚಾರಿಸಿ ಆರಿಸತಕ್ಕದ್ದು. ಮುಂಬಯಿಯಲ್ಲಿ ಕೇಂದ್ರ ಕಾರ್ಮಿಕ ಸಂಸ್ಥೆಯೂ, ಚೆನ್ನೈ, ಕೋಲ್ಕತ್ತ, ಕಾನ್ಪುರ, ಫರೀದಾಬಾದುಗಳಲ್ಲಿ ಪ್ರಾದೇಶಿಕ ಕಾರ್ಮಿಕ ಸಂಸ್ಥೆಗಳೂ ಇರುವುವು. ಇವು ಭಾರತ ಸರ್ಕಾರದವು. ಅವುಗಳ ಡಿಪ್ಲೊಮಾಕ್ಕೆ ಒಂದು ವರ್ಷ ಹಿಡಿಯುವುದು. ಇಂಗ್ಲೆಂಡಿನ ನೆಬಾಷ್ ಎಂಬ ಮಂಡಲಿಯು 1979ರಿಂದ ನಡೆಸುತ್ತಿರುವ ಪರೀಕ್ಷೆಗಳೂ ಉಂಟು. ಗಲ್ಫ್ ದೇಶಗಳಿಗೆ ಹೋಗುವವರು ಇವನ್ನು ಹೆಚ್ಚಾಗಿ ಕಟ್ಟುತ್ತಾರೆ. ಅಲ್ಲಿ ಇವಕ್ಕೆ ಬೆಲೆಯಿದೆ. ಆದರೆ ನಮ್ಮ ಕಾರ್ಖಾನೆಗಳ ನಿಯಮವು ಕೇಳುವುದು ರಾಜ್ಯ ಸರ್ಕಾರದ ಮಾನ್ಯತೆಯುಳ್ಳ ಡಿಪ್ಲೊಮಾವನ್ನು. ನಾಲ್ಕೇ ದಿನಗಳಲ್ಲಿ ಚಿನ್ನದ ಅಂಚಿನ ಪ್ರಮಾಣಪತ್ರವನ್ನು ಕೈಗಿಡುವ ಅಂಗಡಿಗಳೂ ಹುಟ್ಟಿಕೊಂಡಿವೆ. “ನಿಮ್ಮ ಡಿಪ್ಲೊಮಾಕ್ಕೆ ಕರ್ನಾಟಕ ಸರ್ಕಾರದ ಮಾನ್ಯತೆಯ ಆಜ್ಞೆಯೆಲ್ಲಿ?” ಎಂದು ಕೇಳಿ, ಕಾಗದವನ್ನು ಕಣ್ಣಾರೆ ಕಂಡ ಹೊರತು ಹಣ ಕಟ್ಟಬಾರದು.

ಹಳೆಯ ಕಾಯಿದೆಯ ಕೆಳಗೆ ಮಾಡಿದ ಸುರಕ್ಷತಾಧಿಕಾರಿಗಳ ನಿಯಮಗಳಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ಪದವಿ, ಡಿಪ್ಲೊಮಾ, ಅನುಭವ ಇವುಗಳೊಡನೆ, ಆ ಪ್ರಾಂತದ ಕೆಲಸಗಾರರಲ್ಲಿ ಬಹುಮಂದಿ ಆಡುವ ಭಾಷೆಯೂ ಅಧಿಕಾರಿಗೆ ಸಾಕಷ್ಟು ತಿಳಿದಿರಬೇಕು ಎಂದಿದೆ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಬೆರಳುಗಳು ಮಾತ್ರ ಕನ್ನಡದವು. ನಮ್ಮ ಹುಡುಗನಿಗೆ ಇಂಗ್ಲಿಷು ಕಷ್ಟ. ರಾತ್ರಿ ಹತ್ತರ ಮೇಲೆ ನಿಘಂಟನ್ನು ಹಿಡಿದು ಕುಳಿತಿರುತ್ತಾನೆ. ಆದರೆ ಬಾಯ್ಲರಿನ ಬಳಿಯ ಮುದುಕನಿಗೆ “ಆ ಕವಾಟವನ್ನು ಕಟ್ಟಿಹಾಕಬೇಡಿ ತಾತ, ಆವಿ ಹೆಚ್ಚಾದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು” ಎಂದು ತಿಳಿಯಹೇಳಲು ನಿಘಂಟು ಬೇಡ. ನಮ್ಮ ಹಳ್ಳಿಯ ಹುಡುಗರಿಗೆ ಇದೂ ಒಂದು ಬಂಡವಾಳವೇ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳೇ ತುಂಬಿರುವಾಗ ಈ ಓದನ್ನು ನಮ್ಮ ಹೆಣ್ಣುಮಕ್ಕಳು ಏಕೆ ಓದಬಾರದೋ ನಾನರಿಯೆ.

ಕಷ್ಟವಿಲ್ಲವೆಂದು ನಾನು ಹೇಳಲಾರೆ. ಯಾರಿಂದ ಸಂಬಳವನ್ನು ತೆಗೆದುಕೊಳ್ಳುವನೋ ಅವರ ಲೋಪವನ್ನೇ ಇವನು ಬರೆದಿಡಬೇಕು. ಈ ಅಧಿಕಾರಿಯು ಕಾರ್ಖಾನೆಯ ಮುಖ್ಯಸ್ಥನ ಕೈಕೆಳಗೆ ನೇರವಾಗಿ ಇರತಕ್ಕದ್ದೆಂದೂ, ಅವನ ಕರ್ತವ್ಯಕ್ಕೆ ಅಡ್ಡಿಯಾಗುವ ಬೇರೆ ಕೆಲಸವನ್ನು ಕೊಡಕೂಡದೆಂದೂ ಆ ನಿಯಮಗಳು ಹೇಳಿದ್ದು ಇದಕ್ಕಾಗಿಯೇ. ಆದರೂ ಸರಕು ಹೊರಡಬೇಕಾದ ದಿನ ಯಂತ್ರವನ್ನು ನಿಲ್ಲಿಸೆನ್ನುವವನ ಪಾಡು ನಿಯಮದಲ್ಲಿ ಬರೆದಷ್ಟು ಸುಗಮವಲ್ಲ. ಮಗನನ್ನು ಈ ಓದಿಗೆ ಕಳುಹಿಸುವವರು ಅವನ ಗಣಿತವನ್ನಲ್ಲದೆ ಬೆನ್ನೆಲುಬನ್ನೂ ನೋಡಿ ಕಳುಹಿಸಬೇಕು.

ಹುಳುವಿನ ಮನೆಯನ್ನು ಶುದ್ಧಮಾಡಲು ಭಾವನವರು ಫಾರ್ಮಲಿನ್ ಎರಚುತ್ತಿದ್ದರು. ಕಣ್ಣು ಕೆಂಪಾಗಿ, ಎರಡು ದಿನ ಕೆಮ್ಮುತ್ತಿದ್ದರು. ಅದರ ಹಬೆಯು ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಮಗನ ಕಾಟ ತಾಳಲಾರದೆ ಹೋದ ಬೆಳೆಗೆ ಬ್ಲೀಚಿಂಗ್ ಪುಡಿಯನ್ನು ತಂದು, ಮೂಗಿಗೆ ಬಟ್ಟೆ ಕಟ್ಟಿ ಬಳಸಿದರಂತೆ. ಹುಳುವಿಗೆ ಕೇಡಾಗಲಿಲ್ಲ, ಕೆಮ್ಮು ಕಡಿಮೆಯಾಯಿತು. ಆದರೂ ಚೆನ್ನೈಯ ಮಾತಿಗೆ ಅವರು ಇನ್ನೂ ಒಪ್ಪಿಲ್ಲ.

ನಾನು ಹೊರಡುವ ದಿನ ಬೆಳಿಗ್ಗೆ ಹುಡುಗನು ಹಳೆಯ ತಗಡೊಂದನ್ನು ತಂದು, ಮೇವಿನ ಯಂತ್ರದ ದೋಣಿಯನ್ನು ಮುಂದಕ್ಕೆ ಉದ್ದಮಾಡಿ, ಮೇಲೆ ಮುಚ್ಚಳದಂತೆ ಬಾಗಿಸಿ, ಮೊಳೆ ಹೊಡೆದನು. ವಿದ್ಯುತ್ತಿನ ತಂತಿಯನ್ನು ಕಳಚಿಟ್ಟು, ತಾಯಿಯನ್ನು ಕರೆದು, ಎಡಗೈಯನ್ನು ಒಳಕ್ಕೆ ಚಾಚಿ ನೋಡೆಂದನು. ಅಕ್ಕ ಭುಜದವರೆಗೆ ಚಾಚಿದಳು. ಬೆರಳು ಕತ್ತಿಗೆ ತಾಕಲಿಲ್ಲ.

“ಇಷ್ಟೇ ಕೆಲಸವೇನೋ?” ಎಂದಳು. ಕೊಟ್ಟಿಗೆಯಲ್ಲಿ ನಿಂತಿದ್ದ ನಾವು ಮೂವರೂ ಏನೂ ಹೇಳಲಿಲ್ಲ.