ಚರಂಡಿ ನೀರಿನಲ್ಲಿದೆ ಮತ್ತಿನ ಲೆಕ್ಕ

ರಾಯಚೂರು: ಗಡಿ ಜಿಲ್ಲೆಯಲ್ಲಿ ಮತ್ತಿನ ಪದಾರ್ಥಗಳ ಸೇವನೆ ಎಷ್ಟಿದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಅಬಕಾರಿ ಮತ್ತು ಪೊಲೀಸ್ ದಾಳಿಗಳ ಲೆಕ್ಕ. ವಶಪಡಿಸಿಕೊಂಡ ಸರಕು ಮಾರಾಟದ ಸುಳಿವು ನೀಡಬಹುದೇ ಹೊರತು, ಜನರ ಒಡಲು ಸೇರಿದ್ದೆಷ್ಟು ಎಂಬುದನ್ನು ಹೇಳದು. ಅದನ್ನು ಹೇಳಬಲ್ಲದು ಕೊಳಚೆ ನೀರು.

ಸೇವಿಸಿದ ಔಷಧಿಯ ಅಂಶ ಮೂತ್ರದ ಮೂಲಕ ಹೊರಬೀಳುತ್ತದೆ. ದಿನವಿಡೀ ಸಂಗ್ರಹಿಸಿದ ಮಾದರಿಯಲ್ಲಿ ಅದನ್ನು ಅಳೆದು, ನೀರಿನ ಹರಿವು ಹಾಗೂ ಜನಸಂಖ್ಯೆಯೊಂದಿಗೆ ತಾಳೆ ನೋಡಿದರೆ ಬಡಾವಣೆಯ ಒಟ್ಟು ಬಳಕೆ ಅಂದಾಜಿಗೆ ಸಿಗುತ್ತದೆ. ಯಾರ ಹೆಸರೂ ಬಯಲಾಗುವುದಿಲ್ಲ. 2005ರಲ್ಲಿ ಇಟಲಿಯ ವಿಜ್ಞಾನಿಗಳು ಪೋ ನದಿಯಲ್ಲಿ ಕೊಕೇನ್ ಬಳಕೆಯ ಜಾಡು ಹಿಡಿದರು. ಆಸ್ಟ್ರೇಲಿಯಾದಲ್ಲಿ 2016ರಿಂದ ರಾಷ್ಟ್ರಮಟ್ಟದ ಯೋಜನೆಯಿದೆ. ಅಮೆರಿಕದ ಕ್ಯಾರಿ ಪಟ್ಟಣ 2018ರಲ್ಲಿ ಅಫೀಮು ಮೂಲದ ನೋವು ನಿವಾರಕಗಳ ದುರ್ಬಳಕೆ ಅರಿಯಲು ಇದೇ ದಾರಿ ಹಿಡಿಯಿತು. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲೂ ಕೊಳಚೆ ನೀರಿನಿಂದಲೇ ವೈರಾಣುವಿನ ಏರಿಳಿತ ಗುರುತಿಸಲಾಯಿತು.

ಹುಡುಕಬೇಕಾದುದು ಏನನ್ನು?

ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಮೂಲದ ಪದಾರ್ಥ ಬಳಸುತ್ತಾರೆಂದು 2019ರ ರಾಷ್ಟ್ರೀಯ ಸಮೀಕ್ಷೆ ತಿಳಿಸಿತ್ತು. ಆದರೆ ರಾಯಚೂರು ಸೀಮೆಯ ಹಳೆಯ ಪಿಡುಗು ಬೇರೆ: ಸಿ.ಎಚ್. ಪೌಡರ್ ಎಂದೇ ಹೆಸರಾದ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ. ನಿದ್ರೆ ಮಾತ್ರೆ ಅಲ್ಪ್ರಜೋಲಮ್ ಕೂಡ ಕಲಬೆರಕೆಗೆ ಬಳಕೆಯಾಗುತ್ತದೆ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಹಲವರನ್ನು ಬಲಿ ಪಡೆಯಿತು. ಇವೆರಡೂ ಅಫೀಮು ಜಾತಿಯವಲ್ಲ. ವಿದೇಶಿ ಪಟ್ಟಿ ಹಿಡಿದು ಹುಡುಕಿದರೆ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಯಾವುದು ಮಾರಾಟವಾಗುತ್ತಿದೆ ಎಂಬುದು ಆಶಾ ಕಾರ್ಯಕರ್ತೆಯರಿಗೆ, ಸ್ವಸಹಾಯ ಸಂಘದ ಮಹಿಳೆಯರಿಗೆ ಗೊತ್ತು. ಪಟ್ಟಿ ಅವರಿಂದ ಆರಂಭವಾಗಬೇಕು.

ಮಾದರಿ ಸಂಗ್ರಹವೂ ಸುಲಭವಲ್ಲ. ದೇವದುರ್ಗ, ಮಾನ್ವಿಯಂಥ ಪಟ್ಟಣಗಳಲ್ಲಿ ಶೌಚಗುಂಡಿ ನೆಚ್ಚಿದ ಮನೆಗಳ ಮೂತ್ರ ಒಳಚರಂಡಿ ತಲುಪುವುದೇ ಇಲ್ಲ. ಅಲ್ಲಿ ಗುಂಡಿ ಬರಿದು ಮಾಡುವ ವಾಹನಗಳಿಂದ ಮಾದರಿ ಪಡೆಯಬಹುದು. ಅದರಿಂದ ದಿನದ ಪ್ರಮಾಣ ತಿಳಿಯದಿದ್ದರೂ ಬಳಕೆಯ ಇರವು ತಿಳಿಯುತ್ತದೆ. ಯಾವ ಚರಂಡಿ ಎಲ್ಲಿಗೆ ಸೇರುತ್ತದೆ ಎಂಬುದನ್ನು ಪೌರಕಾರ್ಮಿಕರೇ ಬಲ್ಲರು. ಆದರೆ ಮಾದರಿಗಾಗಿ ಯಾರನ್ನೂ ಗುಂಡಿಗಿಳಿಸುವಂತಿಲ್ಲ. ಸೂಕ್ಷ್ಮ ಪ್ರಮಾಣದ ರಾಸಾಯನಿಕ ಅಳೆಯುವ ಪರಿಣತಿ ದೂರದಲ್ಲಿಲ್ಲ; ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೇ ಕೀಟನಾಶಕ ಶೇಷಾಂಶ ಪ್ರಯೋಗಾಲಯವಿದೆ.

ವಿಶ್ವಾಸವೇ ಬಂಡವಾಳ

2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಜೀವ ತೆಗೆದ ನೆನಪು ಜನರಲ್ಲಿ ಹಸಿಯಾಗಿದೆ. ನೀರಿನ ವರದಿ ಕಡತದಲ್ಲೇ ಉಳಿದರೆ ಅದನ್ನು ನಂಬುವವರಿಲ್ಲ. ಒಂದು ಕೇರಿಯ ಮಾದರಿಯಲ್ಲಿ ಮತ್ತಿನ ಅಂಶ ಕಂಡೊಡನೆ ಪೊಲೀಸ್ ಜೀಪು ಅಲ್ಲಿಗೆ ನುಗ್ಗಿದರೆ, ಇಡೀ ಕೇರಿಗೆ ಕಳಂಕ ಅಂಟುತ್ತದೆ. ಮರುವಾರ ಯಾರೂ ಸಹಕರಿಸುವುದಿಲ್ಲ. ಫಲಿತಾಂಶ ಮೊದಲು ವಾರ್ಡ್ ಸಭೆಗೆ ತಲುಪಬೇಕು, ಕೇರಿಯ ಹೆಸರು ಪ್ರಕಟವಾಗಬಾರದು, ಅದು ಮೊಕದ್ದಮೆಗೆ ಸಾಕ್ಷ್ಯವಾಗಬಾರದು. ಅದರ ಬೆನ್ನಿಗೇ ವ್ಯಸನಮುಕ್ತಿ ಚಿಕಿತ್ಸೆ ಒದಗಬೇಕು. ಹಠಾತ್ತನೆ ಸೇಂದಿ ನಿಂತರೆ ವ್ಯಸನಿಗೆ ನಡುಕ, ಫಿಟ್ಸ್ ಬರುವ ಅಪಾಯವಿರುವುದರಿಂದ, ದಾಳಿಗಿಂತ ಮೊದಲು ಹಾಸಿಗೆ ಸಜ್ಜಾಗಿರುವುದು ಮುಖ್ಯ.