ಲೆಕ್ಕದ ಪುಸ್ತಕದ ಮೇಲೆ ಯಾರ ಹೆಸರು?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಶಾಲೆಯ ರಸಪ್ರಶ್ನೆಗೆ ಪ್ರಶ್ನೆಗಳನ್ನು ಹೊಂದಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಕನ್ನಡದ ಮೊದಲ ವಾಕ್ಚಿತ್ರ ಯಾವುದು ಎಂದದ್ದೇ ತಡ, ಹತ್ತು ಕೈ ಮೇಲೆದ್ದವು. 'ಸತಿ ಸುಲೋಚನ', 1934. ಸರಿ, ಕನ್ನಡದಲ್ಲಿ ಸಿನಿಮಾ ನಿರ್ಮಿಸಿದ ಮೊದಲ ಮಹಿಳೆ ಯಾರು? ಮಕ್ಕಳ ಮಾತಿರಲಿ, ಹಿಂದೆ ಕುಳಿತಿದ್ದ ಮೇಷ್ಟ್ರುಗಳೂ ಸೂರು ನೋಡತೊಡಗಿದರು. ಎಂ.ವಿ. ರಾಜಮ್ಮ ಎಂದು ನಾನೇ ಹೇಳಬೇಕಾಯಿತು. "ಓ, ಆ ತಾಯಿ ಪಾತ್ರದವರಾ?" ಎಂದರು ಒಬ್ಬರು. ನನ್ನ ಜಗಳ ಆ ಮಾತಿನ ಮೇಲೆ.

ಹೌದು, ತಾಯಿ ಪಾತ್ರದವರೇ. 1958ರ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ಬಿ.ಆರ್. ಪಂತುಲು ಮೇಷ್ಟ್ರಾದರೆ, ಮಕ್ಕಳಿಗೆ ಬೇಡವಾದ ಅವರ ಹೆಂಡತಿ ರಾಜಮ್ಮ. ಟೆಂಟಿನಲ್ಲಿ ಅಮ್ಮನ ಪಕ್ಕ ಕೂತು ಆ ಚಿತ್ರ ನೋಡಿ ನಾನೂ ಅತ್ತವಳೇ. ಆದರೆ ಅದಕ್ಕೂ ಹದಿನೈದು ವರ್ಷ ಮೊದಲು, 1943ರಲ್ಲಿ, ಇದೇ ರಾಜಮ್ಮ 'ರಾಧಾರಮಣ' ಚಿತ್ರದ ನಿರ್ಮಾಪಕಿಯಾಗಿದ್ದರು. ಅದೆಂಥ ಕಾಲ ನೋಡಿ! ಎರಡನೇ ಮಹಾಯುದ್ಧ ನಡೆದಿದೆ, ಫಿಲ್ಮು ಪಡಿತರದ ವಸ್ತುವಾಗಿದೆ, ಚಿತ್ರ ಇಷ್ಟೇ ಉದ್ದವಿರಬೇಕೆಂದು ಸರ್ಕಾರದ ಕಟ್ಟಳೆ. ಕನ್ನಡ ಚಿತ್ರಕ್ಕೆ ಮಾರುಕಟ್ಟೆ ಅಷ್ಟಕ್ಕಷ್ಟೆ. 'ಸಂಸಾರ ನೌಕೆ'ಯ (1936) ನಾಯಕಿ, ತಮಿಳಿನ 'ಉತ್ತಮ ಪುತ್ರನ್' (1940) ನಾಯಕಿ, ಸಂಭಾವನೆ ಎಣಿಸಿಕೊಂಡು ಸುಮ್ಮನಿರಬಹುದಿತ್ತು. ಇರಲಿಲ್ಲ. ಆ ಚಿತ್ರದಲ್ಲೇ ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಮೊದಲು ತೆರೆಗೆ ಬಂದದ್ದು. ಅವರಿಬ್ಬರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಬಾಗಿಲು ತೆಗೆದವಳ ಹೆಸರು ಮಾತ್ರ ಗೊತ್ತಿಲ್ಲ.

"ಹಿಂದೆ ಯಾರೋ ಗಂಡಸರು ಇದ್ದಿರಬೇಕು ಬಿಡಿ ಮೇಡಂ" ಎಂದು ಸ್ಟಾಫ್ ರೂಮಿನಲ್ಲಿ ಒಂದು ಮಾತು ಬಂತು. ಬರದಿದ್ದರೆ ಆಶ್ಚರ್ಯಪಡುತ್ತಿದ್ದೆ. ಯಾವ ನಿರ್ಮಾಪಕನ ಹಿಂದೆ ಯಾರೂ ಇರಲಿಲ್ಲ, ಹೇಳಿ? ಮದರಾಸಿನ ಎಸ್.ಎಸ್. ವಾಸನ್ 1928ರಲ್ಲಿ 'ಆನಂದ ವಿಕಟನ್' ಪತ್ರಿಕೆ ಕೊಂಡರು, ಆಮೇಲೆ ಜೆಮಿನಿ ಸ್ಟುಡಿಯೊ ಕಟ್ಟಿದರು, 1948ರಲ್ಲಿ 'ಚಂದ್ರಲೇಖಾ' ತೆಗೆದರು. ಎಷ್ಟು ನೂರು ಜನ ಅವರಿಗಾಗಿ ದುಡಿದರು! ಆದರೂ ಎಲ್ಲವೂ ವಾಸನ್ ಸಾಹಸ. ಅವರು ಸಾಹಸಿಯೇ, ಅದರಲ್ಲಿ ನನಗೆ ತಕರಾರಿಲ್ಲ. ಗಂಡಸು ದುಡ್ಡು ಹೂಡಿದರೆ ಸಾಹಸ, ಹೆಂಗಸು ಹೂಡಿದರೆ "ಹಿಂದೆ ಯಾರು?" ಎನ್ನುವ ಪ್ರಶ್ನೆ, ಇದು ಯಾವ ನ್ಯಾಯ?

ವಾಸನ್‌ರಂತೆ ಪತ್ರಿಕೆಯನ್ನೂ ಸಿನಿಮಾವನ್ನೂ ಒಟ್ಟಿಗೆ ನಡೆಸಿದ ಹೆಂಗಸು ನಮ್ಮಲ್ಲಿ ನನಗೆ ಕಾಣಲಿಲ್ಲ. ಆದರೆ ರಾಜಮ್ಮನಿಗಿಂತ ಬಹಳ ಮೊದಲೇ ಪತ್ರಿಕೆಗೆ ಕೈಹಾಕಿದವಳೊಬ್ಬಳಿದ್ದಳು. ನಂಜನಗೂಡಿನ ತಿರುಮಲಾಂಬ, ಬಾಲವಿಧವೆ. 1913ರಲ್ಲಿ 'ಸುಶೀಲೆ' ಕಾದಂಬರಿ ಬರೆದು, 'ಸತೀ ಹಿತೈಷಿಣಿ' ಗ್ರಂಥಮಾಲೆ ತೆಗೆದು, ಅದರ ಹಿಂದೆಯೇ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ಹೊರಡಿಸಿದಳು. ಶುಭಕಾರ್ಯದಲ್ಲಿ ಎದುರು ಬರಬಾರದೆಂದು ಒಳಗೆ ಕೂರಿಸಿದ್ದ ಹೆಂಗಸು ಚಂದಾ ಲೆಕ್ಕ, ಅಚ್ಚಿನ ಲೆಕ್ಕ ನೋಡುತ್ತಿದ್ದಳು! 1982ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಡು ಅವರನ್ನು ಮರೆತೇ ಬಿಟ್ಟಿತ್ತು. ಆರ್. ಕಲ್ಯಾಣಮ್ಮನವರು ದಶಕಗಟ್ಟಲೆ 'ಸರಸ್ವತಿ' ನಡೆಸಿದರು, ಅದೂ ಅಷ್ಟೆ.

ಪತ್ರಿಕೆಯ ಮಾತು ಬಂದದ್ದರಿಂದ ನನ್ನದೂ ಒಂದು ಹೇಳಿಬಿಡುತ್ತೇನೆ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಾರ್ಷಿಕ ಸಂಚಿಕೆ ತರುವ ಹೊಣೆ ನನಗೆ ಬಿತ್ತು. ಮಕ್ಕಳ ಬರಹ ತಿದ್ದಿದೆ, ಅಂಗಡಿ ಅಂಗಡಿ ತಿರುಗಿ ಜಾಹೀರಾತು ತಂದೆ, ಸಾಲದ್ದಕ್ಕೆ ಸಂಬಳದಿಂದಲೂ ಸ್ವಲ್ಪ ಹಾಕಿದೆ, ದಾವಣಗೆರೆಯ ಪ್ರೆಸ್ಸಿನಲ್ಲಿ ಕೂತು ಪ್ರೂಫ್ ನೋಡಿದೆ. ಪುಸ್ತಕ ಕೈಗೆ ಬಂದಾಗ ಸಂಪಾದಕರ ಜಾಗದಲ್ಲಿ ಬೇರೊಬ್ಬರ ಹೆಸರು. ನನ್ನದು ಕೊನೆಯ ಪುಟದಲ್ಲಿ, 'ಸಹಕರಿಸಿದವರು' ಎಂಬ ಸಾಲಿನಲ್ಲಿ, ಫೋಟೊ ತೆಗೆದವನ ನಂತರ. ಆಗ ನಾನು ಬಾಯಿ ಬಿಡಲಿಲ್ಲ. ಈಗಲೂ ಅದಕ್ಕೇ ಹೆಚ್ಚು ಸಿಟ್ಟು.

ಜಗಳೂರಿನಲ್ಲಿ ನೌಕರಿ ಹಿಡಿದು, ನ್ಯಾಮತಿಗೆ ಬಂದು, ಈಗ ಹೊನ್ನಾಳಿಯಲ್ಲಿದ್ದೇನೆ. ಎಲ್ಲಾ ಕಡೆ ಕಂಡದ್ದು ಒಂದೇ. ಜಗಳೂರಿನ ಬಿಸಿಲಲ್ಲಿ ಮೆಕ್ಕೆಜೋಳ ಬಿಡಿಸುವವಳು ಹೆಂಗಸು, ಮಾರಿದ ಚೀಟಿ ಗಂಡನ ಜೇಬಿನಲ್ಲಿ. ಸಂಘದ ಸಾಲ ಅವಳ ಹೆಸರಿನಲ್ಲಿ, ಅದರಲ್ಲಿ ಬಂದ ಬೈಕು ಅವನ ಹೆಸರಿನಲ್ಲಿ. ಮೂವತ್ತು ವರ್ಷ ಸಂಬಳ ತಂದ ನನ್ನಂಥವಳ ಮನೆಯ ಖಾತೆ ಯಾರ ಹೆಸರಲ್ಲಿದೆ ಎಂದು ನೀವು ಕೇಳುವುದೇ ಬೇಡ. ಸಾಲವೆಂದರೆ ನಮ್ಮ ಹೆಸರು, ಆಸ್ತಿಯೆಂದರೆ ಅವರ ಹೆಸರು. ರಾಜಮ್ಮನನ್ನು ಅಳುವ ತಾಯಿಯಾಗಿ ಮಾತ್ರ ನೆನಪಿಟ್ಟುಕೊಂಡರೆ ಎಲ್ಲರಿಗೂ ಅನುಕೂಲ, ನಮಗೂ ಕೂಡ. ಅಳುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಲೆಕ್ಕ ಕೇಳಿದರೆ ಮಾತ್ರ ಗಯ್ಯಾಳಿ.

ನನ್ನ ತವರು ಚನ್ನಗಿರಿ ಕಡೆ. ನಾಲ್ಕು ಎಕರೆ ಅಡಿಕೆ ತೋಟವಿದೆ. 2005ರ ಕಾನೂನು ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ, ಮಕ್ಕಳಿಗೆ ನಾನೇ ಪಾಠ ಮಾಡುತ್ತೇನೆ. ಯುಗಾದಿಗೆ ಹೋದಾಗ ತಮ್ಮ ಅರಿಶಿನ ಕುಂಕುಮ, ಒಂದು ಒಳ್ಳೆಯ ಸೀರೆ, ಜೊತೆಗೆ ಟೈಪಾದ ಹಕ್ಕು ಬಿಡುಗಡೆ ಪತ್ರ ಕೊಟ್ಟ. ಒಳ್ಳೆಯ ಹುಡುಗ. "ಅಕ್ಕ, ನಿನಗೇನು ಕಮ್ಮಿ?" ಎಂದ. ಅಮ್ಮ ನೆಲ ನೋಡುತ್ತಾ ಕುಳಿತಿದ್ದಳು.

ಸೀರೆ ಉಟ್ಟಿದ್ದೇನೆ. ಪತ್ರ ಇನ್ನೂ ಬೀರುವಿನಲ್ಲೇ ಇದೆ, ಸಹಿ ಹಾಕಿಲ್ಲ.