ಸಿಗ್ನಲ್ ಹೋಗಿ ಯು-ಟರ್ನ್ ಬಂತು: ರಸ್ತೆ ದಾಟುವವರ ಗತಿ ಏನು?

ಹೈದರಾಬಾದ್‌ನ ಹಲವು ಜಂಕ್ಷನ್‌ಗಳಲ್ಲಿ ಈಗ ಸಿಗ್ನಲ್ ಇಲ್ಲ. ನಡುವಿನ ಡಿವೈಡರ್ ಮುಚ್ಚಿ, ಸ್ವಲ್ಪ ಮುಂದೆ ಯು-ಟರ್ನ್ ಕೊಡಲಾಗಿದೆ. ಚೆನ್ನೈನ ಕೆಲವು ರಸ್ತೆಗಳಲ್ಲೂ ಇದೇ ವ್ಯವಸ್ಥೆ ಇದೆ. ಕೆಂಪು ದೀಪಕ್ಕೆ ಕಾಯುವುದು ತಪ್ಪಿತೆಂದು ವಾಹನ ಸವಾರರಿಗೆ ಸಮಾಧಾನ. ಆದರೆ ಬಲಕ್ಕೆ ತಿರುಗುವವರ ಸಮಸ್ಯೆ ನಿಜಕ್ಕೂ ಬಗೆಹರಿದಿದೆಯೇ?

ಯೋಜನೆಯ ಹಿಂದೆ ಗಟ್ಟಿ ಕಾರಣವಿದೆ. ಎರಡು ಸಾಧಾರಣ ರಸ್ತೆಗಳು ಕೂಡುವ ನಾಲ್ಕು ದಾರಿಯ ಜಂಕ್ಷನ್‌ನಲ್ಲಿ ವಾಹನಗಳು ಪರಸ್ಪರ ಎದುರಾಗುವ 32 ಬಿಂದುಗಳಿವೆ ಎಂದು ಸಂಚಾರ ಎಂಜಿನಿಯರ್‌ಗಳು ಲೆಕ್ಕ ಹಾಕುತ್ತಾರೆ. ಅವುಗಳಲ್ಲಿ 16 ಕಡೆ ಒಂದರ ಹಾದಿಗೆ ಇನ್ನೊಂದು ಅಡ್ಡ ಬರುತ್ತದೆ. ಈ 16ರಲ್ಲಿ 12 ಬಲ ತಿರುವಿನಿಂದಲೇ ಹುಟ್ಟುವಂಥವು. ಡಿವೈಡರ್ ಮುಚ್ಚಿದರೆ ಜಂಕ್ಷನ್‌ನಲ್ಲಿ ಈ ಅಪಾಯ ಇಲ್ಲವಾಗುತ್ತದೆ.

ಹತ್ತಿರವಿದ್ದರೂ ಕಷ್ಟ, ದೂರವಿದ್ದರೂ ಕಷ್ಟ

ಅಡ್ಡರಸ್ತೆಯಿಂದ ಬಂದವರು ಮೊದಲು ಎಡಕ್ಕೆ ತಿರುಗಿ, ಮುಖ್ಯರಸ್ತೆಯ ಎಲ್ಲ ಲೇನ್‌ಗಳನ್ನು ದಾಟಿ ಬಲ ಅಂಚಿಗೆ ಬಂದು ಯು-ಟರ್ನ್ ಹಿಡಿಯಬೇಕು. ಯು-ಟರ್ನ್ ತೀರಾ ಹತ್ತಿರವಿದ್ದರೆ ವೇಗವಾಗಿ ಬರುವ ವಾಹನಗಳ ನಡುವೆ ಓರೆಯಾಗಿ ನುಗ್ಗುವುದು ಅನಿವಾರ್ಯ. ಸುಮಾರು 12 ಮೀಟರ್ ಉದ್ದದ ನಗರ ಬಸ್ ಕಿರಿದಾದ ಜಾಗದಲ್ಲಿ ತಿರುಗುವಾಗ ಎರಡು ಮೂರು ಲೇನ್‌ಗಳು ನಿಂತೇ ಹೋಗುತ್ತವೆ.

ತಿರುವು 500 ಮೀಟರ್ ಆಚೆ ಇದ್ದರೆ ಹೋಗಿ ಬರಲು ಒಂದು ಕಿಲೋಮೀಟರ್. ಇಷ್ಟು ಸುತ್ತುವ ಬದಲು ಬೈಕ್, ಆಟೊದವರು ರಾಂಗ್ ಸೈಡ್‌ನಲ್ಲೇ ನುಗ್ಗುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಇದು ಅಪಾಯಕಾರಿ ಚಾಲನೆ. ಮೊದಲ ಬಾರಿಗೇ 1,000ದಿಂದ 5,000 ರೂಪಾಯಿವರೆಗೆ ದಂಡ, ಜೈಲು ಶಿಕ್ಷೆಗೂ ಅವಕಾಶವಿದೆ. ಆದರೆ ಒಂದೇ ಜಾಗದಲ್ಲಿ ದಿನವೂ ನೂರಾರು ಮಂದಿ ಅದೇ ತಪ್ಪು ಮಾಡುತ್ತಿದ್ದರೆ, ಸವಾರರ ಜೊತೆಗೆ ತಿರುವಿನ ಜಾಗವನ್ನೂ ಪರಿಶೀಲಿಸಬೇಕಾಗುತ್ತದೆ.

ಲೆಕ್ಕಕ್ಕೆ ಸಿಗದ ಪಾದಚಾರಿ

ದೊಡ್ಡ ಪೆಟ್ಟು ಬಿದ್ದಿರುವುದು ನಡೆದು ಹೋಗುವವರಿಗೆ. ಸಿಗ್ನಲ್ ಇದ್ದಾಗ ಕೆಲವು ಸೆಕೆಂಡಾದರೂ ವಾಹನಗಳು ನಿಲ್ಲುತ್ತಿದ್ದವು. ಮೂರು ಲೇನ್‌ನ ರಸ್ತೆಯ ಒಂದು ಬದಿ ಸುಮಾರು 10.5 ಮೀಟರ್ ಅಗಲ. ಸೆಕೆಂಡಿಗೆ 1.2 ಮೀಟರ್‌ನಂತೆ ನಡೆದರೂ ದಾಟಲು ಒಂಬತ್ತು ಸೆಕೆಂಡ್ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ನಿಲ್ಲದೆ ಹರಿಯುವ ವಾಹನಗಳ ನಡುವೆ ಅಷ್ಟು ಬಿಡುವು ಎಲ್ಲಿಂದ ಸಿಗಬೇಕು?

ಹಾಗಾಗಿ ಸಿಗ್ನಲ್ ತೆಗೆಯುವ ಮುನ್ನವೇ ಕೆಲವು ಕೆಲಸ ಆಗಬೇಕು. ಯು-ಟರ್ನ್ ಬಳಿ ಕಾಯಲು ಪ್ರತ್ಯೇಕ ಲೇನ್, ಬಸ್ ತಿರುಗುವಷ್ಟು ಅಗಲ, ಡಿವೈಡರ್ ಮಧ್ಯೆ ಪಾದಚಾರಿಗಳು ನಿಲ್ಲಲು ಜಾಗ, ಬಟನ್ ಒತ್ತಿದರೆ ವಾಹನ ನಿಲ್ಲಿಸುವ ಪಾದಚಾರಿ ಸಿಗ್ನಲ್ ಇರಬೇಕು. ಇವುಗಳಿಗೆ ಜಾಗವಿಲ್ಲದ ಕಡೆ ಹಳೆಯ ಸಿಗ್ನಲ್ಲೇ ವಾಸಿ. ವಾಹನ ಎಷ್ಟು ಬೇಗ ಮುಂದೆ ಹೋಯಿತು ಎಂಬುದರ ಜೊತೆಗೆ, ಆಚೆ ಬದಿಯ ಬಸ್ ಸ್ಟಾಪ್‌ಗೆ ಅಜ್ಜಿಯೊಬ್ಬರು ಹೆದರದೆ ತಲುಪಿದರೇ ಎಂಬುದನ್ನೂ ನೋಡಿದ ಮೇಲೆಯೇ ಯೋಜನೆ ಗೆದ್ದಿತೋ ಸೋತಿತೋ ಹೇಳಲು ಸಾಧ್ಯ.